ಇಂಧನ ಕೊಳವೆಯ ದುರಸ್ತಿ: ಅಂಗಳದ ಕೆಲಸಕ್ಕೆ ಮಿತಿ ಎಲ್ಲಿ?

ಸಗಟು ವರ್ತಕರ ಹಾಗೂ ಸಣ್ಣ ಕಾರ್ಖಾನೆಗಳ ಕಿರ್ದಿಯಲ್ಲಿ ‘ಗಾಡಿ ಖರ್ಚು’ ಎಂಬ ಖಾತೆಯನ್ನು ವರ್ಷಾಂತ್ಯದಲ್ಲಿ ತೆರೆದು ನೋಡಿದರೆ ಎರಡು ಬಗೆಯ ನಮೂದುಗಳು ಕಾಣುತ್ತವೆ. ಟಯರು, ಬ್ಯಾಟರಿ, ಎಂಜಿನ್ ಕೆಲಸ, ವಿಮಾ ಕಂತು ಮುಂತಾದ ದೊಡ್ಡ ಬಾಬತ್ತುಗಳಿಗೆ ಬಿಲ್ಲು ಇರುತ್ತದೆ, ಮಾಲೀಕರ ಸಹಿ ಇರುತ್ತದೆ, ಅದರ ಹಿಂದೆ ಒಂದಿಷ್ಟು ಚೌಕಾಸಿಯೂ ನಡೆದಿರುತ್ತದೆ. ಉಳಿದವು ಚಾಲಕನ ಕೈಗೆ ಕೊಟ್ಟ ಚಿಲ್ಲರೆ ಹಣದ ಲೆಕ್ಕ: ಪಂಕ್ಚರು, ಬಲ್ಬು, ಗ್ರೀಸು, ‘ಪೆಟ್ರೋಲ್ ಪೈಪು ಮತ್ತು ಕ್ಲಿಪ್ಪು’. ಈ ಕೊನೆಯ ಸಾಲನ್ನು ಯಾರೂ ಪ್ರಶ್ನಿಸುವುದಿಲ್ಲ. ಮೊತ್ತ ಅಷ್ಟು ಅಲ್ಪ. ಆದರೆ ಕೆಲಸ ಕೆಟ್ಟರೆ ವಾಹನದೊಂದಿಗೆ ಗೋದಾಮನ್ನೂ ಒಯ್ಯಬಲ್ಲ ದುರಸ್ತಿಗಳು ಕೆಲವೇ. ಅವುಗಳಲ್ಲಿ ಇದೊಂದು.

‘ಇಂಧನ ಕೊಳವೆಯನ್ನು ಮನೆಯಲ್ಲಿ ಮುಟ್ಟಲೇಬಾರದು, ಗ್ಯಾರೇಜಿಗೇ ಒಯ್ಯಬೇಕು’ ಎಂದು ಬರೆದು ಮುಗಿಸುವುದು ಸುಲಭ. ಅಂತಹ ಉಪದೇಶವನ್ನು ಪಾಲಿಸುವವರು ಯಾರೂ ಇಲ್ಲ. ಬೆಳಗಿನ ಆರು ಗಂಟೆಗೆ ಸರಕು ತುಂಬಿ ನಿಂತಿರುವ ವಾಹನದಿಂದ ಪೆಟ್ರೋಲ್ ವಾಸನೆ ಬರುತ್ತಿದೆ. ಸರಕು ಎಂಟು ಗಂಟೆಯೊಳಗೆ ಸಂತೆಯನ್ನು ಮುಟ್ಟಬೇಕು. ಗ್ಯಾರೇಜಿನ ಬಾಗಿಲು ತೆರೆಯುವುದು ಹತ್ತಕ್ಕೆ. ಇಂತಹ ಸಂದರ್ಭದಲ್ಲಿ ಚಾಲಕನು ಅಂಗಳದಲ್ಲಿಯೇ ಏನಾದರೊಂದು ಮಾಡುತ್ತಾನೆ. ಆದುದರಿಂದ ವಿಚಾರಿಸಬೇಕಾದುದು ಅಂಗಳದಲ್ಲಿ ಯಾವ ದುರಸ್ತಿಯನ್ನು, ಯಾವ ಸಾಮಗ್ರಿಯಿಂದ, ಯಾವ ಕ್ರಮದಲ್ಲಿ ಮಾಡಬಹುದು, ಎಲ್ಲಿ ಕೈ ಹಿಂದೆಗೆಯಬೇಕು ಎಂಬುದನ್ನು. ಈ ಗೆರೆಯನ್ನು ಎಳೆಯಬೇಕಾದವರು ಮಾಲೀಕರು. ಇಂದಿನ ವಾಡಿಕೆಯಲ್ಲಿ ಅದನ್ನು ಎಳೆಯುತ್ತಿರುವವನು ಚಾಲಕ, ಅದೂ ಅವಸರದಲ್ಲಿ, ಬೈಗುಳದ ಭಯದಲ್ಲಿ.

ಹಳೆಯ ಗಾಡಿ, ಹೊಸ ಇಂಧನ

ಈ ವಿಷಯಕ್ಕೆ ಇತ್ತೀಚೆಗೆ ಹೆಚ್ಚಿನ ಮಹತ್ವ ಬಂದಿರುವುದಕ್ಕೆ ಕಾರಣವಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದಾಗ ಅದು ದೊರೆಯುತ್ತಿದ್ದುದು ದೇಶದ 84 ಬಂಕುಗಳಲ್ಲಿ ಮಾತ್ರ. ಮೂಲತಃ 2030ಕ್ಕೆ ಇಟ್ಟುಕೊಂಡಿದ್ದ ಶೇ. 20ರ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲಿಯೇ ಮುಟ್ಟಲಾಯಿತು. ಕಬ್ಬಿನ ಬೆಳಗಾವಿ, ಬಾಗಲಕೋಟೆಗಳಿಗೂ ಮೆಕ್ಕೆಜೋಳದ ದಾವಣಗೆರೆ, ಹಾವೇರಿಗಳಿಗೂ ಈ ನೀತಿಯಿಂದ ಬೇಡಿಕೆ ದೊರೆತಿದೆ. ಈ ಪತ್ರಿಕೆಯ ಓದುಗರಲ್ಲಿ ಅದರ ಲಾಭ ಪಡೆದ ವರ್ತಕರೂ ಇದ್ದಾರು. ಆದರೆ ಅದೇ ವರ್ತಕರ ಅಂಗಳದಲ್ಲಿ ನಿಂತಿರುವ ಹಳೆಯ ವಾಹನವು ಈ ಮಿಶ್ರಣಕ್ಕಾಗಿ ತಯಾರಾದುದಲ್ಲ. 2023ರ ಏಪ್ರಿಲ್‌ನಿಂದ ತಯಾರಾದ ವಾಹನಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು ಈ ಇಂಧನವನ್ನು ತಾಳಿಕೊಳ್ಳುವಂತಹವು. ಅದಕ್ಕೂ ಹಿಂದಿನ ವಾಹನಗಳ ಬಗ್ಗೆ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ನೀಡಿದ ಸ್ಪಷ್ಟೀಕರಣದಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ರಬ್ಬರು ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಾಯಿಸಬೇಕಾಗಬಹುದೆಂದು ಹೇಳಿತ್ತು. ದಿನಕ್ಕೆ ನೂರು ಕಿಲೋಮೀಟರು ಸರಕು ಸಾಗಿಸುವ ವಾಹನಕ್ಕೆ ಅದು ಒಂದು ವರ್ಷದ ಓಟ.

ಎಥನಾಲ್ ಹಳೆಯ ಮಾದರಿಯ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ; ಒಣಗಿದಾಗ ಅದೇ ರಬ್ಬರು ಬಿರುಸಾಗಿ ಬಿರುಕು ಬಿಡುತ್ತದೆ. ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕುಳಿತ ಕಲ್ಮಷವನ್ನು ಸಡಿಲಗೊಳಿಸಿ ಫಿಲ್ಟರಿನವರೆಗೆ ತರುವುದೂ ಉಂಟು. ಹಾಗೆಂದು ಸೋರಿದ ಪ್ರತಿ ಕೊಳವೆಯ ದೂರನ್ನೂ ಎಥನಾಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಂಜಿನ್ನಿನ ಕಾವಿನಲ್ಲಿ ಹತ್ತು ವರ್ಷ ಬೆಂದ ರಬ್ಬರು ಯಾವ ಇಂಧನ ಹಾಕಿದರೂ ಸೀಳುತ್ತದೆ. ಹೊಸ ಇಂಧನವು ಆ ದಿನವನ್ನು ಮುಂಚಿತವಾಗಿ ತರಬಹುದು, ಅಷ್ಟೆ.

ಉದಾಹರಣೆಗೆ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳಬಹುದು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಈ ವಾಹನವು ಕಿರಾಣಿ, ಔಷಧಿ, ಬೇಕರಿ, ಬಟ್ಟೆ ವ್ಯಾಪಾರಗಳ ಬೆನ್ನೆಲುಬಾಗಿತ್ತು. ಇಂದಿಗೂ ಅನೇಕ ಅಂಗಡಿಗಳ ಮುಂದೆ ನಿಂತಿದೆ. ಇದರ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಅಂದರೆ ಎಂಜಿನ್ನಿನ ಬಳಿ ಕೊಳವೆ ಸೋರಿದರೆ ಆ ಆವಿ ಚಾಲಕನ ಆಸನದಡಿಯಲ್ಲಿಯೇ ಸೇರುತ್ತದೆ. ಹಳೆಯ ಓಮ್ನಿಗಳಲ್ಲಿ ಕಾರ್ಬುರೇಟರು, ನಂತರದವುಗಳಲ್ಲಿ ಎಂ.ಪಿ.ಎಫ್.ಐ. ಎಂಬ ಇಂಧನ ಚಿಮ್ಮಿಸುವ ವ್ಯವಸ್ಥೆ ಇವೆ. ಹೊರನೋಟಕ್ಕೆ ಗಾಡಿ ಒಂದೇ. ಆದರೆ ಕೊಳವೆಯ ದುರಸ್ತಿಯ ದೃಷ್ಟಿಯಿಂದ ಇವು ಎರಡು ಬೇರೆ ಬೇರೆ ವಾಹನಗಳು. ಅಂಗಳದ ಮೆಕ್ಯಾನಿಕರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಒತ್ತಡವೇ ಗೆರೆ

ಕಾರ್ಬುರೇಟರಿಗೆ ಪೆಟ್ರೋಲ್ ಒಯ್ಯುವ ಕೊಳವೆಯಲ್ಲಿ ಒತ್ತಡ ಅತ್ಯಲ್ಪ, ಕಾಲು ಬಾರ್‌ನ ಆಸುಪಾಸು. ಅದು ಸೋರಿದರೆ ಹನಿಯುತ್ತದೆ. ಎಂ.ಪಿ.ಎಫ್.ಐ. ವಾಹನದ ಕೊಳವೆಯಲ್ಲಿ ಸಾಮಾನ್ಯವಾಗಿ 3 ಬಾರ್ ಅಥವಾ ತುಸು ಹೆಚ್ಚು ಒತ್ತಡವಿರುತ್ತದೆ, ಸುಮಾರಾಗಿ ಟಯರಿನೊಳಗಿನ ಗಾಳಿಯ ಹಾಗೆ. ಅದು ಸೋರಿದರೆ ಸೀರ್ಪನಿಯಾಗಿ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಬಹಳ ಹೊತ್ತು ಉಳಿದಿರುತ್ತದೆ. ಈಚಿನ ಡೀಸೆಲ್ ವಾಹನಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡವು ಸಾವಿರ ಬಾರ್ ಮೀರುತ್ತದೆ. ಆ ಕೊಳವೆಯ ಕೂದಲೆಳೆಯಷ್ಟು ಬಿರುಕಿನಿಂದ ಹೊರಟ ಡೀಸೆಲ್ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಂತಹ ಗಾಯ. ಒಳಗೆ ಬೆರಳನ್ನೇ ಕಳೆದುಕೊಳ್ಳುವಂತಹ ಹಾನಿ. ಡೀಸೆಲಿಗೆ ಬೆಂಕಿ ಬೇಗ ಹತ್ತುವುದಿಲ್ಲವೆಂಬ ಧೈರ್ಯದಿಂದ ಸೋರಿಕೆಯ ಜಾಗವನ್ನು ಕೈಯಿಂದ ಸವರಿ ಹುಡುಕುವ ಅಭ್ಯಾಸವು ಹಳೆಯ ಎಂಜಿನ್ನುಗಳ ಕಾಲದ್ದು. ಅದನ್ನು ಬಿಡಲೇಬೇಕು.

ಆದುದರಿಂದ ಅಂಗಳದ ಕೆಲಸದ ವ್ಯಾಪ್ತಿ ಚಿಕ್ಕದು. ಕಾರ್ಬುರೇಟರು ವಾಹನದ ರಬ್ಬರು ಕೊಳವೆ, ಕಡಿಮೆ ಒತ್ತಡದಲ್ಲಿ ಟ್ಯಾಂಕಿಗೆ ಮರಳುವ ಕೊಳವೆ, ಕ್ಲಿಪ್ಪು ಹಾಕಿ ಕೂರಿಸುವ ಬಗೆಯ ಫಿಲ್ಟರು ಇವಿಷ್ಟನ್ನು ಕೈಕೆಲಸ ಬಲ್ಲವರು ತಾವೇ ಬದಲಾಯಿಸಬಹುದು. ಎಂ.ಪಿ.ಎಫ್.ಐ. ವಾಹನಗಳ ಒತ್ತಡದ ಕೊಳವೆ, ಒತ್ತಿದರೆ ಕಚ್ಚಿಕೊಳ್ಳುವ ಜೋಡಣೆಯುಳ್ಳ ನೈಲಾನ್ ಕೊಳವೆ, ಟ್ಯಾಂಕಿನೊಳಗಿನ ಪಂಪು, ತುಕ್ಕು ಹಿಡಿದ ಉಕ್ಕಿನ ಕೊಳವೆ, ಕಾಮನ್ ರೈಲ್ ಇವು ಗ್ಯಾರೇಜಿನವು. ನೈಲಾನ್ ಕೊಳವೆಯನ್ನು ಕತ್ತರಿಸಿ ನಡುವೆ ರಬ್ಬರು ತುಂಡು ತೂರಿಸಿ ಕ್ಲಿಪ್ಪು ಬಿಗಿಯುವುದು ಅಲ್ಲಲ್ಲಿ ನಡೆಯುತ್ತದೆ. ನುಣುಪಾದ ನೈಲಾನಿನ ಮೇಲೆ ರಬ್ಬರು ಹಿಡಿದು ನಿಲ್ಲುವ ಭರವಸೆಯಿಲ್ಲ. ಸಿ.ಎನ್.ಜಿ. ಮತ್ತು ಎಲ್.ಪಿ.ಜಿ. ವಾಹನಗಳ ಬಗ್ಗೆ ಎರಡು ಮಾತೂ ಬೇಡ. ಸಿ.ಎನ್.ಜಿ. ಸಿಲಿಂಡರಿನೊಳಗೆ 200 ಬಾರ್ ಒತ್ತಡವಿರುತ್ತದೆ. ಅದರ ಒಂದು ನಟ್ಟನ್ನೂ ಅಂಗಳದಲ್ಲಿ ಸಡಿಲಿಸುವಂತಿಲ್ಲ.

ಇನ್ನು ಸಾಮಗ್ರಿ. ತೋಟಕ್ಕೆ ನೀರು ಬಿಡುವ ಪೈಪಿನ ತುಂಡು, ಸೈಕಲ್ ಟ್ಯೂಬಿನ ಪಟ್ಟಿ, ಇನ್ಸುಲೇಷನ್ ಟೇಪು, ಎಂ-ಸೀಲ್, ಕೊನೆಗೆ ಸಾಬೂನು ಸಹ ಪೆಟ್ರೋಲ್ ಸೋರಿಕೆಯ ಮದ್ದುಗಳಾಗಿ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದೂ ದುರಸ್ತಿಯಲ್ಲ. ಸೋರಿಕೆಯನ್ನು ಕೆಲವು ಗಂಟೆ ಕಣ್ಣಿಗೆ ಮರೆಮಾಡುವ ಉಪಾಯಗಳು ಅವು. ಒಳಗಿನ ಇಂಧನ ಕಾಣಲೆಂದು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯೂ ಕಾವಿಗೆ ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ‘ಪೆಟ್ರೋಲ್ ಪೈಪು ಕೊಡಿ’ ಎಂದು ಕೇಳಿದರೆ ಸಾಲದು. ಕೊಳವೆಯ ಮೈಮೇಲೆ ಅಚ್ಚಾದ ಗುರುತನ್ನು ಓದಬೇಕು. ಎಸ್.ಎ.ಇ. ಜೆ30 ಮಾನಕದಲ್ಲಿ ಆರ್7 ಎಂದಿದ್ದರೆ ಅದು ಕಡಿಮೆ ಒತ್ತಡದ್ದು. ಆರ್9 ಎಂದಿದ್ದರೆ ಇಂಧನ ಚಿಮ್ಮಿಸುವ ವ್ಯವಸ್ಥೆಯ ಒತ್ತಡವನ್ನು ತಾಳುವಂತಹುದು. ಆರ್9ರ ಒಳಪದರವು ಎಥನಾಲಿಗೂ ಹೆಚ್ಚು ಬಾಳುತ್ತದೆ. ಆದುದರಿಂದ ಕಾರ್ಬುರೇಟರು ವಾಹನಕ್ಕೂ ಅದನ್ನೇ ಹಾಕಿಸುವುದು ಈಗಿನ ಕಾಲಕ್ಕೆ ತಕ್ಕ ಜಾಣತನ. ಬೆಲೆ ಕೆಲವು ಪಟ್ಟು ಹೆಚ್ಚಿದ್ದರೂ ಬೇಕಾಗುವುದು ಒಂದೆರಡು ಅಡಿ. ಟ್ಯಾಂಕಿನೊಳಗೆ ಮುಳುಗಿರುವ ಕೊಳವೆಗೆ ಇದು ನಡೆಯುವುದಿಲ್ಲ. ಅದರ ಹೊರಮೈಯೂ ಪೆಟ್ರೋಲನ್ನು ತಾಳಬೇಕಾದುದರಿಂದ ಅದರ ಜಾತಿಯೇ ಬೇರೆ. ಗುರುತೇ ಇಲ್ಲದ ಕಪ್ಪು ಕೊಳವೆಯನ್ನು, ಎಷ್ಟೇ ದಪ್ಪವಿದ್ದರೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ ಒಪ್ಪಬಾರದು.

ಕೆಲಸದ ಕ್ರಮ

ಪೆಟ್ರೋಲಿನ ಆವಿಗೆ ಬೆಂಕಿ ತಗಲಲು ಸೆಕೆಯೇನೂ ಬೇಕಿಲ್ಲ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯಾಗುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಬೆರೆತರೆ ಸಾಕು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ ನೆಲದ ಮೇಲೆ ಹರಿಯುತ್ತದೆ, ಚರಂಡಿಯೊಳಗೆ ಇಳಿಯುತ್ತದೆ, ಗೋದಾಮಿನ ಶಟರಿನ ಕೆಳಗೆ ನುಸುಳುತ್ತದೆ. ಕೆಲಸ ನಡೆಯುವ ಜಾಗದಲ್ಲಿ ಬೆಂಕಿಯಿಲ್ಲವೆಂಬುದು ಇದರಿಂದಾಗಿ ಸಮಾಧಾನದ ಮಾತಲ್ಲ. ಹತ್ತು ಹೆಜ್ಜೆ ಆಚೆ ಗಲ್ಲಾಪೆಟ್ಟಿಗೆಯ ಬಳಿ ಬೆಳಗಿನ ಪೂಜೆಯ ದೀಪ, ಊದುಬತ್ತಿ ಉರಿಯುತ್ತಿರುತ್ತವೆ. ಪಕ್ಕದ ಶೆಡ್ಡಿನಲ್ಲಿ ಗ್ರೈಂಡರು, ವೆಲ್ಡಿಂಗು ನಡೆದಿರುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಎರಡು ಶೆಡ್ಡುಗಳ ನಡುವೆ ಒಂದು ಗೋಡೆ ಮಾತ್ರ. ಹಮಾಲರು ಬೀಡಿ ಹಚ್ಚುವ ಜಾಗವೂ, ಚಹಾದ ಒಲೆಯೂ ಸಾಮಾನ್ಯವಾಗಿ ವಾಹನ ನಿಲ್ಲುವ ಜಾಗದ ಬದಿಯಲ್ಲಿಯೇ ಇರುತ್ತವೆ. ವಾಹನವನ್ನು ತಳ್ಳಿಕೊಂಡಾದರೂ ಬಯಲಿಗೆ ತರಬೇಕು. ಸರಕು ತುಂಬಿದ್ದರೆ ಇಳಿಸಬೇಕು. ಇದನ್ನು ಹೇಳುವುದು ಸುಲಭ, ಹಮಾಲಿ ಕೊಡುವುದು ಕಷ್ಟ, ಆದರೂ ಇಳಿಸಬೇಕು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಎಂ.ಪಿ.ಎಫ್.ಐ. ವಾಹನವಾದರೆ, ಮರಳುವ ಕೊಳವೆಯನ್ನೋ ಫಿಲ್ಟರನ್ನೋ ಮುಟ್ಟುವುದಾದರೂ, ಮೊದಲು ಒತ್ತಡ ಇಳಿಸಬೇಕು. ಇಂಧನ ಪಂಪಿನ ಫ್ಯೂಸನ್ನು ತೆಗೆದು ಎಂಜಿನ್ ಚಾಲೂ ಮಾಡಿದರೆ ಕೊಳವೆಯಲ್ಲಿ ಉಳಿದ ಪೆಟ್ರೋಲನ್ನು ಸುಟ್ಟು ಅದು ತಾನೇ ನಿಲ್ಲುತ್ತದೆ. ಆದರೆ ಸೋರಿಕೆ ಕಣ್ಣಿಗೆ ಕಾಣುವಂತಿದ್ದರೆ ಎಂಜಿನ್ನನ್ನು ಹೀಗೆ ಚಾಲೂ ಮಾಡುವಂತೆಯೇ ಇಲ್ಲ; ಆ ವಾಹನವನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು. ಒತ್ತಡ ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ತಾಗದಂತೆ ದೂರವಿಟ್ಟು, ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದರೆ ಒಳಗಿನ ಆವಿಯ ಒತ್ತಡವೂ ಹೋಗುತ್ತದೆ. ಬೆಳಕಿಗೆ ಬ್ಯಾಟರಿಯ ಎಲ್.ಇ.ಡಿ. ಟಾರ್ಚು ಸಾಕು. ವಯರು ಎಳೆದು ಬಲ್ಬು ತೂಗುಹಾಕುವ ಪದ್ಧತಿ ಬೇಡ; ಬಲ್ಬಿನ ಮೇಲೆ ಒಂದು ಹನಿ ಬಿದ್ದರೆ ಗಾಜು ಒಡೆಯುತ್ತದೆ, ಒಳಗೆ ಕಾದ ತಂತಿಯಿದೆ.

ಹಳೆಯ ಕೊಳವೆಯನ್ನು ಜಗ್ಗಿ ಎಳೆಯುವುದರಿಂದ ಅದು ಕೂತಿರುವ ಮೂತಿಯೇ ಮುರಿಯಬಹುದು. ಕ್ಲಿಪ್ಪು ಸಡಿಲಿಸಿದ ಮೇಲೆ ಕೊಳವೆಯ ತುದಿಯನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಮೂತಿ ಉಳಿಯುತ್ತದೆ. ಚಾಕುವಿನ ಗೀರು ಮೂತಿಯ ಮೇಲೆ ಬೀಳಬಾರದು, ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ. ಸುರಿಯುವ ಪೆಟ್ರೋಲಿಗೆ ಕೆಳಗೆ ಲೋಹದ ತಟ್ಟೆ ಇರಬೇಕು. ಟ್ಯಾಂಕಿನಲ್ಲಿ ಇಂಧನ ಹೆಚ್ಚಿದ್ದರೆ ಕೊಳವೆಯ ತುದಿಯಿಂದ ತಾನಾಗಿ ಇಳಿದು ಬರುತ್ತದೆಂಬುದನ್ನು ಮರೆಯಬಾರದು. ಕೈಗೊಂದು ಬೂಚು ಸಿದ್ಧವಿರಬೇಕು. ನಳಿಗೆಯನ್ನು ಬಾಯಿಗಿಟ್ಟು ಎಳೆದು ಪೆಟ್ರೋಲ್ ತೆಗೆಯುವ ರೂಢಿ ಚಾಲಕರಲ್ಲಿ ಇನ್ನೂ ಇದೆ. ಒಂದು ಗುಟುಕು ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಆಗ ವಾಂತಿ ಮಾಡಿಸಲು ಹೋದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಸೀಳಿದ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಎಳೆದು ಮತ್ತೆ ಸಿಕ್ಕಿಸುವುದು ಬೇಡ. ಒಂದು ಕಡೆ ಸೀಳಿದ ರಬ್ಬರಿನ ವಯಸ್ಸು ಇನ್ನೊಂದು ಕಡೆಯೂ ಅಷ್ಟೇ ಆಗಿರುತ್ತದೆ. ಪೂರ್ತಿ ಉದ್ದವನ್ನೂ, ಎರಡೂ ಕ್ಲಿಪ್ಪುಗಳನ್ನೂ ಬದಲಾಯಿಸಬೇಕು. ಒಳವ್ಯಾಸ ಹಳೆಯದರಷ್ಟೇ ಇರಬೇಕು. ದೊಡ್ಡದನ್ನು ತಂದು ಕ್ಲಿಪ್ಪಿನಿಂದ ಅದುಮಿ ಸರಿಪಡಿಸಲಾಗದು. ಕ್ಲಿಪ್ಪು ಮೂತಿಯ ಉಬ್ಬಿನ ಹಿಂದೆ, ಕೊಳವೆಯ ತುದಿಯಿಂದ ತುಸು ಒಳಗೆ ಕೂರಬೇಕು. ರಬ್ಬರು ಉಬ್ಬಿ ಬರುವಷ್ಟು ಬಿಗಿದರೆ ಕ್ಲಿಪ್ಪಿನ ಅಂಚೇ ಅದನ್ನು ಕೊಯ್ಯುತ್ತದೆ. ಅಂಚು ಮಡಚಿದ ಕ್ಲಿಪ್ಪು ಸಿಕ್ಕರೆ ಉತ್ತಮ. ಹೊಸ ಕೊಳವೆಯು ಸೈಲೆನ್ಸರ್ ಪೈಪಿಗಾಗಲಿ ತಿರುಗುವ ಬೆಲ್ಟಿಗಾಗಲಿ ತಾಗದಂತೆ ಹಳೆಯ ಹಿಡಿಕೆಗಳಲ್ಲಿಯೇ ಸಾಗಬೇಕು.

ಆನಂತರ ಬ್ಯಾಟರಿ ಜೋಡಿಸುವ ಮುನ್ನ ಚೆಲ್ಲಿದುದನ್ನೆಲ್ಲ ಒರೆಸಿ, ವಾಸನೆ ಹೋಗುವವರೆಗೆ ಕಾಯಬೇಕು. ಎಂ.ಪಿ.ಎಫ್.ಐ. ವಾಹನದಲ್ಲಿ ಫ್ಯೂಸು ಹಾಕಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಎರಡು ಮೂರು ಬಾರಿ ತಿರುಗಿಸಿದರೆ ಪಂಪು ಒತ್ತಡ ಏರಿಸುತ್ತದೆ; ಆಗ ಜೋಡಣೆಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಒಂದು ಹನಿ ಕಂಡರೂ ಮೊದಲಿನಿಂದ ಆರಂಭ. ಹತ್ತು ನಿಮಿಷ ಎಂಜಿನ್ ಓಡಿಸಿದ ಮೇಲೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡುವುದು ಕ್ರಮ. ಈ ಕೆಲಸದುದ್ದಕ್ಕೂ ಎರಡನೆಯ ವ್ಯಕ್ತಿಯೊಬ್ಬನು ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರನ್ನು ಹಿಡಿದು ಪಕ್ಕದಲ್ಲಿ ನಿಂತಿರಬೇಕು. ಗೋದಾಮಿನ ಗೋಡೆಯಲ್ಲಿ ತೂಗುವ ಸಿಲಿಂಡರಿನ ಚೀಟಿಯಲ್ಲಿ ಮರುಭರ್ತಿಯ ದಿನಾಂಕ ಯಾವುದಿದೆಯೆಂದು ನೋಡಲು ಇದೊಂದು ಅವಕಾಶ. ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಒರೆಸಿದ ಬಟ್ಟೆಗಳನ್ನು ಗೋಣಿಚೀಲಗಳ ರಾಶಿಯ ಮೇಲೆ ಎಸೆಯದೆ ಬಯಲಿನಲ್ಲಿ ಹರಡಿ ಒಣಗಿಸಬೇಕು.

ತಟ್ಟೆಗೆ ಬಿದ್ದ ಪೆಟ್ರೋಲಿನ ಗತಿಯೇನು? ಸಾಮಾನ್ಯವಾಗಿ ಅದು ನೀರಿನ ಪ್ಲಾಸ್ಟಿಕ್ ಬಾಟಲಿಗೆ ಸೇರಿ ಮೂಲೆಯೊಂದರಲ್ಲಿ ಕೂರುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆಯ ಬಗ್ಗೆಯೂ ಅದೇ ಕಾಯ್ದೆ ಮಾತನಾಡುತ್ತದೆ: ಬಿಗಿಯಾದ ಮುಚ್ಚಳವುಳ್ಳ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿರಬೇಕು, ಗಾಜು, ಪಿಂಗಾಣಿಯಾದರೆ 1 ಲೀಟರು, ಲೋಹವಾದರೆ 25 ಲೀಟರು ಮೀರಬಾರದು. ಆ ಪಟ್ಟಿಯಲ್ಲಿ ನೀರಿನ ಬಾಟಲಿಯಿಲ್ಲ.

ವಿಮೆ ಎಲ್ಲಿಯವರೆಗೆ ಬರುತ್ತದೆ

‘ಏನಾದರೂ ಆದರೆ ಇನ್ಶೂರೆನ್ಸ್ ಇದೆಯಲ್ಲ’ ಎಂಬ ಮಾತು ವರ್ತಕರ ಬಾಯಲ್ಲಿ ಬಹು ಬೇಗ ಬರುತ್ತದೆ. ಪಾಲಿಸಿಯ ಪುಟಗಳನ್ನು ತಿರುವಿದರೆ ಈ ಧೈರ್ಯ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ವಾಹನದ ಸ್ವಂತ ಹಾನಿಯ ವಿಮೆಯು ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಳ್ಳುವಿಕೆಗಳಿಗೆ ಅನ್ವಯಿಸುತ್ತದೆಂಬುದು ನಿಜ. ಸವೆತ ಮತ್ತು ಯಾಂತ್ರಿಕ ಕೆಡುಕುಗಳು ಅದರ ಹೊರಗೆ. ವಾಹನವನ್ನು ಸುಸ್ಥಿತಿಯಲ್ಲಿಡಲು ವಿಮಾದಾರನು ಸಮಂಜಸವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕೆಂಬ ಷರತ್ತೂ ಅದರಲ್ಲಿದೆ. ಸುಟ್ಟ ವಾಹನದಲ್ಲಿ ಸರ್ವೇಯರಿಗೆ ಸೈಕಲ್ ಟ್ಯೂಬಿನ ಪಟ್ಟಿ ಸಿಕ್ಕಿತೆಂದರೆ ಈ ಷರತ್ತಿನ ಮೇಲೆ ವಾದ ಆರಂಭವಾಗುತ್ತದೆ. ಕೊನೆಗೆ ಹಣ ಬಂದರೂ ಅದು ಬರುವ ವೇಳೆಗೆ ಒಂದು ಹಂಗಾಮು ಕಳೆದಿರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನೋಂದಣಿಯದು. ಸರಕು ಸಾಗಿಸುವ ಎಷ್ಟೋ ಓಮ್ನಿಗಳು ಖಾಸಗಿ ಕಾರುಗಳಾಗಿ ನೋಂದಣಿಯಾಗಿವೆ, ಖಾಸಗಿ ಕಾರಿನ ಪಾಲಿಸಿಯನ್ನೇ ಪಡೆದಿವೆ. ಮಾದರಿಗಳು ಮತ್ತು ಸ್ವಂತ ಲಗೇಜು ಬಿಟ್ಟರೆ ಸರಕು ಸಾಗಣೆಯು ಆ ಪಾಲಿಸಿಯ ಬಳಕೆಯ ಮಿತಿಯೊಳಗೆ ಬರುವುದಿಲ್ಲ. ಹಿಂದಿನ ಸೀಟು ಕಳಚಿ ಎಣ್ಣೆ ಡಬ್ಬಗಳನ್ನು ತುಂಬಿದ ಓಮ್ನಿಗೆ ಬೆಂಕಿ ಬಿದ್ದರೆ ಕೊಳವೆಯ ಗುಣಮಟ್ಟದವರೆಗೆ ಚರ್ಚೆ ಹೋಗುವುದೇ ಇಲ್ಲ.

ಗೋದಾಮಿನ ಸರಕಿನ ಪ್ರಶ್ನೆ ಬೇರೆ. 2021ರ ಏಪ್ರಿಲ್ 1ರಿಂದ ಒಂದು ಸ್ಥಳದಲ್ಲಿ ₹5 ಕೋಟಿವರೆಗಿನ ಆಸ್ತಿಯುಳ್ಳ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಬಂದಿದೆ. ವಿಮಾ ಮೊತ್ತವು ನಿಜಮೌಲ್ಯಕ್ಕಿಂತ ಶೇ. 15ರವರೆಗೆ ಕಡಿಮೆಯಿದ್ದರೂ ಅದರಲ್ಲಿ ಕಡಿತ ಮಾಡುವುದಿಲ್ಲ. ಇದು ಒಳ್ಳೆಯ ಸೌಲಭ್ಯವೇ. ಆದರೆ ತೆರಿಗೆಯ ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಸಿ.ಜಿ.ಎಸ್.ಟಿ. ಕಾಯ್ದೆಯ 17(5)(ಎಚ್) ವಿಧಿಯ ಪ್ರಕಾರ ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಶೇ. 18 ತೆರಿಗೆಯ ₹20 ಲಕ್ಷದ ಸರಕು ಸುಟ್ಟಿತೆಂದು ಭಾವಿಸಿದರೆ ಹಿಂದಿರುಗಿಸಬೇಕಾದುದು ₹3.60 ಲಕ್ಷ. ಸರಕಿನ ಮೌಲ್ಯವನ್ನು ತೆರಿಗೆ ಬಿಟ್ಟು ಘೋಷಿಸಿ ವಿಮೆ ಮಾಡಿಸಿದ್ದರೆ ಈ ಹಣವು ವರ್ತಕನ ಜೇಬಿನಿಂದಲೇ ಹೋಗಬೇಕು, ಅದೂ ವ್ಯಾಪಾರ ನಿಂತಿರುವ ತಿಂಗಳಿನಲ್ಲಿ. ಪಾಲಿಸಿ ನವೀಕರಣದ ಸಮಯದಲ್ಲಿ ಈ ಒಂದು ಅಂಶವನ್ನು ಕೇಳಿ ತಿಳಿಯುವುದಕ್ಕೆ ಖರ್ಚೇನೂ ಇಲ್ಲ.

ಮಾಲೀಕರ ಪರವಾಗಿ ದುಡಿಯುತ್ತಿರುವಾಗ ಚಾಲಕನೋ ಹಮಾಲನೋ ಸುಟ್ಟುಕೊಂಡರೆ ಪರಿಹಾರದ ಹೊಣೆ ಉದ್ಯೋಗದಾತನದು. ಹಿಂದೆ 1923ರ ಕಾಯ್ದೆಯಲ್ಲಿದ್ದ ಈ ಹೊಣೆಯು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಮುಂದುವರಿದಿದೆ. ‘ದುರಸ್ತಿ ಮಾಡೆಂದು ಹೇಳಿರಲಿಲ್ಲ, ಅವನೇ ಮಾಡಿದ’ ಎಂಬ ಸಮಜಾಯಿಷಿ, ಕಿರ್ದಿಯಲ್ಲಿ ಪೈಪು, ಕ್ಲಿಪ್ಪಿಗೆ ಹಣ ಕೊಟ್ಟ ಸಾಲುಗಳು ವರ್ಷಗಟ್ಟಲೆ ಇರುವಾಗ, ಎಷ್ಟು ನಿಲ್ಲುತ್ತದೆಂದು ಊಹಿಸಬಹುದು. ಕಾನೂನಿನ ಮಾತು ಹಾಗಿರಲಿ. ಸುಟ್ಟ ಗಾಯದ ವಾರ್ಡನ್ನು ಒಮ್ಮೆ ಹೊಕ್ಕು ಬಂದವರಾರೂ ಈ ಸಮಜಾಯಿಷಿಯನ್ನು ಬಾಯಿಬಿಟ್ಟು ಹೇಳಲಾರರು.

ಖರ್ಚಿನ ಕಡೆಯಿಂದ ನೋಡಿದರೆ ಸರಿಯಾದ ದಾರಿಯೇ ಅಗ್ಗ. ಸರಕು ವಾಹನದ ದುರಸ್ತಿ ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ.ಗೆ ಜಮೆ ದೊರೆಯುತ್ತದೆ. ಬಿಲ್ಲಿಲ್ಲದೆ ಕೊಂಡ ಕೊಳವೆಗೆ ಅದೂ ಇಲ್ಲ. ಆದಾಯ ತೆರಿಗೆಯಲ್ಲಿ ಇದು ಚಾಲ್ತಿ ದುರಸ್ತಿಯ ವೆಚ್ಚವಾಗಿ ಪೂರ್ತಿ ಕಳೆಯುತ್ತದೆ. ಬಿಲ್ಲಿನಿಂದ ಇನ್ನೊಂದು ಪ್ರಯೋಜನವಿದೆ. ಯಾವ ಗುರುತಿನ ಕೊಳವೆಯನ್ನು ಯಾವ ದಿನ ಹಾಕಿಸಲಾಯಿತೆಂಬುದಕ್ಕೆ ಸರ್ವೇಯರಿನ ಮುಂದೆ ಇಡಬಹುದಾದ ಕಾಗದ ಅದೊಂದೇ. ವಾಹನದ ಕಡತದಲ್ಲಿ ಒಂದು ಹಾಳೆಯನ್ನಿಟ್ಟು, ಕೊಳವೆ ಬದಲಾಯಿಸಿದ ದಿನಾಂಕ, ಓಡಿದ ಕಿಲೋಮೀಟರು, ಬಿಲ್ಲಿನ ಸಂಖ್ಯೆ ಬರೆದರೆ ಸಾಕು. ಎಥನಾಲ್ ಮಿಶ್ರಣಕ್ಕೆ ಮುಂಚಿನ ವಾಹನವಾದರೆ ಸೋರುವವರೆಗೆ ಕಾಯದೆ, ಮುಂದಿನ ಸರ್ವೀಸಿನಲ್ಲಿ ಎಲ್ಲ ರಬ್ಬರು ಕೊಳವೆಗಳನ್ನೂ ಒಟ್ಟಿಗೆ ಬದಲಾಯಿಸಿ ಈ ಹಾಳೆಯನ್ನು ಆರಂಭಿಸಬಹುದು.

ಉಳಿದಿರುವುದು ಬೆಳಗಿನ ಆರು ಗಂಟೆಯ ಆ ಗಳಿಗೆ. ಪೆಟ್ರೋಲ್ ವಾಸನೆ ಬಂದರೆ ವಾಹನ ಹೊರಡದು, ಆ ದಿನ ಬಾಡಿಗೆ ಟೆಂಪೋ ಹೇಳಬಹುದು, ಅದಕ್ಕೆ ಮಾಲೀಕರನ್ನು ಎಬ್ಬಿಸಿ ಕೇಳಬೇಕಾಗಿಲ್ಲ ಎಂಬ ಅಧಿಕಾರವನ್ನು ಚಾಲಕನಿಗೆ ಮೊದಲೇ ಕೊಟ್ಟಿರಬೇಕು. ಟೆಂಪೋದವನ ದೂರವಾಣಿ ಸಂಖ್ಯೆಯನ್ನು ಗೋದಾಮಿನ ಬಾಗಿಲ ಒಳಬದಿಯಲ್ಲಿ ದೊಡ್ಡದಾಗಿ ಬರೆಸಿಡುವುದು ಒಳ್ಳೆಯದು. ಆ ಬಾಡಿಗೆಯನ್ನು ‘ಗಾಡಿ ಖರ್ಚು’ ಖಾತೆಗೇ ಬರೆಯಬಹುದು, ಲೆಕ್ಕಪರಿಶೋಧಕರು ಆಕ್ಷೇಪಿಸುವುದಿಲ್ಲ.